34ನೇ ವಾರ, ಮಗುವಿನ ಮಿಸುಕಾಟ ಬದಲಾಗಿದೆ: ಯಾವುದು ಸಹಜ, ಯಾವಾಗ ಹೊರಡಬೇಕು?

ಸುರಗಿ · ಮಧ್ಯಾಹ್ನ 12:10

ಮೊದಲ ಬಸಿರು, ಇವತ್ತಿಗೆ 34 ವಾರ 2 ದಿನ. 20ನೇ ವಾರದ ಸ್ಕ್ಯಾನಿಂಗ್‌ನಲ್ಲಿ ಮಾಸು ಗರ್ಭಕೋಶದ ಮುಂಭಾಗದಲ್ಲಿದೆ ಅಂತ ಬರೆದಿದ್ದಾರೆ. ಹೋದ ವಾರದ ತಪಾಸಣೆಯಲ್ಲಿ ಬಿಪಿ 118/76, ಹಿಮೋಗ್ಲೋಬಿನ್ 10.6. ಶುಗರ್ ಇಲ್ಲ.

ಕೇಳಬೇಕಾಗಿರುವುದು ಮೂರು ವಿಷಯ. 30ನೇ ವಾರದ ತನಕ ಟಪ್ ಅಂತ ಒದೆಯುತ್ತಿದ್ದ ಮಗು ಈಗ ಹೊರಳುವುದು, ಒತ್ತುವುದೇ ಹೆಚ್ಚು. ಹೀಗೆ ಬದಲಾಗುವುದು ಸರಿಯೇ? ಎರಡನೆಯದು, ದಿನ ಹತ್ತಿರ ಬಂದ ಹಾಗೆ ಮಗು ಕೆಳಗಿಳಿದು ಸುಮ್ಮನಾಗುತ್ತೆ ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ, ಇದು ನಿಜವೇ? ಮೂರನೆಯದು ಲೆಕ್ಕದ್ದು. ಆಸ್ಪತ್ರೆಯ ಚೀಟಿಯಲ್ಲಿ ‘12 ಗಂಟೆಯಲ್ಲಿ 10’ ಅಂತಿದೆ, ಮೊಬೈಲ್ ಆಪ್ ‘2 ಗಂಟೆಯಲ್ಲಿ 10’ ಅನ್ನುತ್ತೆ, ಡಾಕ್ಟರು ‘ಊಟ ಆದಮೇಲೆ ಒಂದು ಗಂಟೆಯಲ್ಲಿ 3’ ಅಂದರು. ಯಾವುದನ್ನು ಹಿಡಿಯುವುದು?

ಇನ್ನೊಂದು. ದಿನಾ ರಾತ್ರಿ 9ರಿಂದ 11ರ ನಡುವೆ ಜೋರಾಗಿ ಆಡುವ ಮಗು ನಿನ್ನೆ ಅಷ್ಟೇನೂ ಆಡಲಿಲ್ಲ. ಇವತ್ತು ಬೆಳಿಗ್ಗೆಯಿಂದ ಎರಡು ಸಲ ಮೆಲ್ಲಗೆ ಹೊರಳಿದ್ದು ಬಿಟ್ಟರೆ ಏನೂ ಗೊತ್ತಾಗಿಲ್ಲ. ಮಾಸು ಮುಂದಿರುವುದರಿಂದ ಹೀಗಿರಬಹುದೇ?

---

ಹೆರಿಗೆವಾರ್ಡ್ ಸಿಸ್ಟರ್ · 12:16

ನೀವು ಕೊನೆಗೆ ಬರೆದಿದ್ದೀರಲ್ಲ, ಅದೇ ಮೊದಲ ಪ್ರಶ್ನೆ. ಉಳಿದ ಮೂರಕ್ಕೆ ಸಂಜೆ ಉತ್ತರ ಸಿಕ್ಕರೂ ನಡೆಯುತ್ತೆ. ಈಗ ಹೊರಡಿ.

ದಿನಾ ಆಡುವ ಹೊತ್ತಿಗೆ ಮಗು ಆಡಿಲ್ಲ, ಮಾರನೇ ದಿನ ಮಧ್ಯಾಹ್ನದವರೆಗೂ ಎರಡೇ ಸಲ. ಇಷ್ಟಿದ್ದರೆ ಇವತ್ತೇ ನೋಡಿಸಬೇಕು. ಎಡಕ್ಕೆ ಮಲಗಿ ಎರಡು ಗಂಟೆ ಎಣಿಸಿ ನೋಡುವುದು ‘ಕೆಲಸದ ಗಡಿಬಿಡಿಯಲ್ಲಿ ಗಮನಿಸಲಿಲ್ಲವೇನೋ’ ಅನ್ನುವವರಿಗೆ. ನೀವು ಗಮನಿಸಿಯೇ ಹೇಳುತ್ತಿದ್ದೀರಿ. ಇನ್ನು ಎಣಿಸುತ್ತಾ ಕೂರಬೇಡಿ.

ಎನ್‌ಎಸ್‌ಟಿ (ಹೊಟ್ಟೆಗೆ ಬೆಲ್ಟ್ ಕಟ್ಟಿ ಮಗುವಿನ ಬಡಿತ ನೋಡುವ ಪರೀಕ್ಷೆ) ಯಂತ್ರ ಇರುವ ಆಸ್ಪತ್ರೆಗೇ ಹೋಗಿ. ಹೊರರೋಗಿ ವಿಭಾಗದ ಸಾಲಿನಲ್ಲಿ ಟೋಕನ್ ಹಿಡಿದು ಕಾಯಬೇಡಿ, ನೇರ ಹೆರಿಗೆ ವಾರ್ಡಿಗೆ ಹೋಗಿ ಹೀಗೆ ಹೇಳಿ: ‘34 ವಾರ, ನಿನ್ನೆ ರಾತ್ರಿಯಿಂದ ಮಗು ಮಿಸುಕಾಡುವುದು ಕಡಿಮೆಯಾಗಿದೆ.’ ‘ಸ್ವಲ್ಪ ಸುಸ್ತು, ಮಗು ಒಂದು ಥರ ಇದೆ’ ಅಂತೆಲ್ಲ ಸುತ್ತುಬಳಸಿದರೆ ನಿಮ್ಮ ಸರದಿ ಹಿಂದೆ ಹೋಗುತ್ತೆ. ತಾಯಿ ಕಾರ್ಡ್, ಎಲ್ಲ ಸ್ಕ್ಯಾನಿಂಗ್ ರಿಪೋರ್ಟ್, ರಕ್ತದ ಗುಂಪಿನ ಚೀಟಿ ಜೊತೆಗಿರಲಿ. ಒಬ್ಬರೇ ಹೋಗಬೇಡಿ. ಗಾಡಿ ಇಲ್ಲದಿದ್ದರೆ 108. ಹಸಿವಾಗಿದ್ದರೆ ದಾರಿಯಲ್ಲಿ ತಿನ್ನಿ, ಆದರೆ ‘ಏನಾದರೂ ಸಿಹಿ ತಿಂದು ಒಂದು ಗಂಟೆ ನೋಡೋಣ’ ಅಂತ ಮನೆಯಲ್ಲಿ ಕೂರುವುದು ಬೇಡ. ಸಿಹಿ ಅಥವಾ ತಣ್ಣೀರು ಕುಡಿದರೆ ತೊಂದರೆಯಲ್ಲಿರುವ ಮಗು ಚುರುಕಾಗುತ್ತೆ ಅನ್ನುವುದಕ್ಕೆ ಆಧಾರವಿಲ್ಲ.

ಮಾಸು ಮುಂದಿದ್ದರೆ 28 ವಾರಕ್ಕೆ ಮೊದಲು ಒದೆತ ಮಂದವಾಗಿ ತಿಳಿಯುವುದು ಹೌದು. ಆದರೆ ನಿಮ್ಮ ಮಾಸು ಹೋದ ವಾರವೂ ಅಲ್ಲೇ ಇತ್ತು, ಆಗ ರಾತ್ರಿ ಆಟ ಚೆನ್ನಾಗಿಯೇ ಗೊತ್ತಾಗುತ್ತಿತ್ತು. ನಿನ್ನೆಯಿಂದ ಆದ ಬದಲಾವಣೆಗೆ ಅದು ಕಾರಣವಾಗಲಾರದು.

---

ಸುರಗಿ · 12:21

ಹೊರಟೆ.

---

ಹೊಳೆದಂಡೆ · 1:35

ಅವರು ಬರುವಷ್ಟರಲ್ಲಿ ಮೊದಲ ಎರಡು ಪ್ರಶ್ನೆಗೆ ಬರೆದಿಡುತ್ತೇನೆ. ಇದನ್ನು ಹುಡುಕಿಕೊಂಡು ಬರುವ ಬೇರೆಯವರಿಗೂ ಬೇಕಾಗುತ್ತೆ.

ಮಿಸುಕಾಟ ಮೊದಲು ತಿಳಿಯುವುದು 16ರಿಂದ 24 ವಾರದೊಳಗೆ. ಚೊಚ್ಚಲು ಬಸುರಿಗೆ ಸಾಮಾನ್ಯವಾಗಿ 18-20 ವಾರದ ನಂತರ, ಎರಡನೆಯದಾದರೆ ಇನ್ನೂ ಬೇಗ. ಆಗ ಅದು ಒದೆತದ ಹಾಗಿರುವುದಿಲ್ಲ. ನೀರಿನ ಗುಳ್ಳೆ ಒಡೆದ ಹಾಗೆ, ಮೀನು ಬಾಲ ಬಡಿದ ಹಾಗೆ ಇರುತ್ತೆ, ಗ್ಯಾಸ್ ಅಂದುಕೊಳ್ಳುವವರೇ ಹೆಚ್ಚು. 24 ವಾರ ತುಂಬಿದರೂ ಏನೂ ತಿಳಿಯದಿದ್ದರೆ ಡಾಕ್ಟರಿಗೆ ಹೇಳಬೇಕು. ಅಲ್ಲಿಂದ 32ನೇ ವಾರದವರೆಗೆ ಚಲನೆ ಏರುತ್ತಾ ಹೋಗುತ್ತೆ, ಆಮೇಲೆ ಹೆರಿಗೆಯವರೆಗೂ ಹೆಚ್ಚುಕಡಿಮೆ ಅದೇ ಮಟ್ಟದಲ್ಲಿ ನಿಲ್ಲುತ್ತೆ. ‘ನಿಲ್ಲುತ್ತೆ’ ಅಂದರೆ ಏರುವುದು ನಿಲ್ಲುತ್ತೆ, ಇಳಿಯುವುದಿಲ್ಲ. ನೋವು ಶುರುವಾದ ಮೇಲೂ ಮಗು ಮಿಸುಕಾಡುತ್ತಲೇ ಇರುತ್ತೆ.

ಬದಲಾಗುವುದು ಬಗೆ. 28-30 ವಾರದಲ್ಲಿ ಸುತ್ತಲೂ ನೀರು, ಕೈಕಾಲು ಬೀಸಲು ಜಾಗ, ಹಾಗಾಗಿ ಒದೆತ ಚುರುಕು. 34-36ಕ್ಕೆ ಬರುವಾಗ ಮಗು ಎರಡು ಕಿಲೋ ದಾಟಿರುತ್ತೆ, ಜಾಗ ಇಕ್ಕಟ್ಟು. ಬೀಸಿ ಒದೆಯಲಾಗದೆ ಹೊರಳುತ್ತೆ, ಬೆನ್ನು ಒತ್ತುತ್ತೆ, ಪಕ್ಕೆಲುಬಿನ ಕೆಳಗೆ ಪಾದ ಚಾಚುತ್ತೆ. ಒದೆತ ಹೋಗಿ ಹೊರಳಾಟ ಬಂದರೆ ಗಾಬರಿಯಿಲ್ಲ. ಒಟ್ಟು ಆಟವೇ ಕಮ್ಮಿಯಾದರೆ, ಅಥವಾ ಬಲ ಕುಗ್ಗಿ ಮೆಲ್ಲಗಾದರೆ, ಅದು ಬೇರೆ ಮಾತು. ಸುರಗಿಯವರ ಪ್ರಶ್ನೆಯಲ್ಲಿ ಎರಡೂ ಬೆರೆತಿತ್ತು, ಅದಕ್ಕೇ ಸಿಸ್ಟರ್ ಮೊದಲು ಎಬ್ಬಿಸಿ ಕಳಿಸಿದ್ದು.

‘ದಿನ ಹತ್ತಿರ ಬಂದಾಗ ಮಗು ಸುಮ್ಮನಾಗುತ್ತೆ’ ಎಂಬ ಮಾತು ಇಷ್ಟು ಗಟ್ಟಿಯಾಗಿ ಉಳಿದಿರುವುದಕ್ಕೆ ಈ ಹೊರಳಾಟವೇ ಕಾರಣ ಇರಬೇಕು. ಮೊದಲಿನ ಒದೆತ ಕಾಣದೆ ಹೋದಾಗ ಸುಮ್ಮನಾಯಿತು ಅನ್ನಿಸಿರುತ್ತೆ. ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ, ಆದರೂ ಇದೊಂದು ಮಾತನ್ನು ಮನೆಯಲ್ಲಿ ತಿದ್ದಲೇಬೇಕು. ಎಷ್ಟೋ ತಾಯಂದಿರು ಒಂದು ದಿನ, ಎರಡು ದಿನ ಕಾದು ಬರುವುದು ಈ ನಂಬಿಕೆಯಿಂದಲೇ.

ಮಗು ಮಲಗುವುದು ಎಷ್ಟು ಹೊತ್ತು? ಸಾಮಾನ್ಯವಾಗಿ ಒಂದು ಸಲಕ್ಕೆ 20ರಿಂದ 40 ನಿಮಿಷ. ಚೆನ್ನಾಗಿರುವ ಮಗು 90 ನಿಮಿಷಕ್ಕಿಂತ ಹೆಚ್ಚು ಹೊತ್ತು ಅಲುಗದೆ ಇರುವುದು ಅಪರೂಪ. ಹಾಗಾಗಿ ‘ಬೆಳಿಗ್ಗೆಯಿಂದ ನಿದ್ದೆ ಮಾಡುತ್ತಿದೆ’ ಅನ್ನುವುದು ಹೊಂದುವುದಿಲ್ಲ. ಮಧ್ಯಾಹ್ನದ ಮೇಲೆ, ಸಂಜೆ, ರಾತ್ರಿ ಆಟ ಹೆಚ್ಚು. ತಾಯಿ ನಡೆದಾಡುವಾಗ ಅರ್ಧಕ್ಕರ್ಧ ತಿಳಿಯುವುದೇ ಇಲ್ಲ, ಮಲಗಿದಾಗ ಚೆನ್ನಾಗಿ ತಿಳಿಯುತ್ತೆ. ಮಾಸು ಮುಂದಿರುವವರು ಹೊಟ್ಟೆಯ ಎರಡು ಪಕ್ಕ ಮತ್ತು ಕೆಳಭಾಗದಲ್ಲಿ ಗಮನಿಸಬೇಕು, ನಡುವೆ ಮೆತ್ತೆ ಇಟ್ಟ ಹಾಗಿರುತ್ತೆ. ಮಗುವಿನ ಬೆನ್ನು ಮುಂದಕ್ಕೆ ತಿರುಗಿದ್ದರೂ ಒದೆತ ಹಿಂದಕ್ಕೆ ಹೋಗಿ ಕಡಿಮೆ ತಿಳಿಯುತ್ತೆ. ಆದರೆ ಅದನ್ನು ಮನೆಯಲ್ಲಿ ಊಹಿಸಿ ಸಮಾಧಾನ ಮಾಡಿಕೊಳ್ಳುವ ಹಾಗಿಲ್ಲ, ಪರೀಕ್ಷೆ ಮಾಡಿದವರು ಹೇಳಬೇಕು.

ಚಲನೆ ಕಮ್ಮಿಯಾಗುವುದಕ್ಕೆ ಇಷ್ಟು ಬೆಲೆ ಏಕೆ ಅಂದರೆ, ಮಾಸಿನಿಂದ ಆಮ್ಲಜನಕ ಸಾಲದೆ ಹೋದಾಗ ಮಗು ಖರ್ಚು ಹಿಡಿಯುತ್ತೆ. ರಕ್ತವನ್ನು ಮಿದುಳು, ಹೃದಯ, ಅಡ್ರಿನಲ್ ಗ್ರಂಥಿಗೆ ಮೀಸಲಿಟ್ಟು ಕೈಕಾಲಿನ ಆಟ ಕಡಿಮೆ ಮಾಡುತ್ತೆ. ಮೂತ್ರಪಿಂಡಕ್ಕೂ ರಕ್ತ ಕಡಿಮೆ ಹೋಗಿ ಮೂತ್ರ ತಗ್ಗುತ್ತೆ. ಈ ತಿಂಗಳುಗಳಲ್ಲಿ ಹೊಟ್ಟೆಯ ನೀರು ಅಂದರೆ ಬಹುಪಾಲು ಮಗುವಿನ ಮೂತ್ರವೇ, ಹಾಗಾಗಿ ನೀರೂ ಇಳಿಯುತ್ತೆ. ಇದೆಲ್ಲ ನಡೆಯುವಾಗ ಹೃದಯ ಬಡಿಯುತ್ತಲೇ ಇರುತ್ತೆ. ಹೊರಗಿರುವ ನಮಗೆ ಮೊದಲು ತಿಳಿಯುವ ಸುದ್ದಿ ಮಿಸುಕಾಟದ್ದು, ಅದೂ ತಾಯಿಗೆ ಮಾತ್ರ.

---

ಎಣಿಕೆ ಪುಸ್ತಕ · 2:20

ಮೂರನೇ ಪ್ರಶ್ನೆ, ಲೆಕ್ಕದ್ದು. ಮೂರೂ ಒಂದೇ ಕುಟುಂಬದ ಲೆಕ್ಕಗಳು.

‘12 ಗಂಟೆಯಲ್ಲಿ 10’ ಹಳೆಯದು, ಕಾರ್ಡಿಫ್ ಊರಿನ ಹೆಸರಿನಲ್ಲಿ ಬಂದ ಪದ್ಧತಿ. ಇಡೀ ದಿನ ಎಣಿಸುವುದು ಯಾರಿಂದಾಗುತ್ತೆ? ಅದಕ್ಕೆ ನಮ್ಮ ದೇಶದ ಡಾಕ್ಟರುಗಳು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ತಲಾ ಒಂದು ಗಂಟೆ ಎಣಿಸಲು ಹೇಳುತ್ತಾರೆ. ಮೂರನ್ನೂ ಕೂಡಿಸಿ ನಾಲ್ಕರಿಂದ ಗುಣಿಸಿದರೆ 12 ಗಂಟೆಯ ಅಂದಾಜು. ಪ್ರತಿ ಗಂಟೆಗೆ ಕನಿಷ್ಠ 3 ಅನ್ನುವುದು ಅಲ್ಲಿಂದ ಬಂದದ್ದು. ‘2 ಗಂಟೆಯಲ್ಲಿ 10’ ಅನ್ನುವುದು ಅನುಮಾನ ಬಂದಾಗ ಎಡಕ್ಕೆ ಮಲಗಿ, ಬೇರೆ ಯಾವುದಕ್ಕೂ ಗಮನ ಕೊಡದೆ ಎಣಿಸುವ ಲೆಕ್ಕ.

ಎಣಿಸುವ ಕ್ರಮ ಹೀಗೆ. 28 ವಾರದ ನಂತರ ಶುರು. ಮಗು ದಿನಾ ಚುರುಕಾಗಿರುವ ಒಂದೇ ಹೊತ್ತನ್ನು ಹಿಡಿಯಿರಿ, ಹೆಚ್ಚಿನವರಿಗೆ ರಾತ್ರಿ ಊಟದ ನಂತರ. ಮೂತ್ರಕ್ಕೆ ಹೋಗಿಬಂದು ಎಡಮಗ್ಗುಲಿಗೆ ಮಲಗಿ, ಟಿವಿ, ಮೊಬೈಲ್ ಪಕ್ಕಕ್ಕಿಟ್ಟು, ಶುರುವಾದ ಗಂಟೆ ಬರೆದುಕೊಳ್ಳಿ. ಒದೆತ, ಹೊರಳು, ಒತ್ತು, ಚಾಚು, ಎಲ್ಲವೂ ಒಂದೊಂದು. ಒಂದರ ಮೇಲೊಂದು ಬಿಡದೆ ಬಂದರೆ ಅದು ಒಂದೇ, ನಡುವೆ ನಿಂತು ಮತ್ತೆ ಬಂದರೆ ಎರಡು. ಬಿಕ್ಕಳಿಕೆ ಎಣಿಸಬಾರದು. ತಾಳ ಹಾಕಿದ ಹಾಗೆ ಒಂದೇ ಜಾಗದಲ್ಲಿ, ಒಂದೇ ಅಂತರದಲ್ಲಿ ಬರುವುದು ಅದು. ಇಡೀ ಹೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾಗಿ ಸಡಿಲವಾಗುವುದು ಗರ್ಭಕೋಶದ ಬಿಗಿತ, ಮಗುವಿನ ಚಲನೆಯಲ್ಲ. 10 ಆದಾಗ ಎಷ್ಟು ನಿಮಿಷ ಹಿಡಿಯಿತು ಅಂತ ಬರೆದು ಏಳಿ.

ಬೆಲೆ ಇರುವುದು ಈ ನಿಮಿಷದ ಅಂಕಿಗೆ. ಚುರುಕಾಗಿರುವ ಹೊತ್ತಿನಲ್ಲಿ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ 10 ಮುಗಿಯುತ್ತೆ. ದಿನಾ 15 ನಿಮಿಷದಲ್ಲಿ 10 ಮುಗಿಸುತ್ತಿದ್ದ ಮಗು ಇವತ್ತು ಒಂದೂವರೆ ಗಂಟೆ ತೆಗೆದುಕೊಂಡರೆ, ‘2 ಗಂಟೆಯಲ್ಲಿ 10’ ಪಾಸಾಯಿತು, ‘12 ಗಂಟೆಯಲ್ಲಿ 10’ ಕೂಡ ಪಾಸಾಯಿತು, ಆದರೆ ಆ ಮಗುವಿನ ನಿತ್ಯದ ನಡೆ ಮುರಿದಿದೆ. ಹೋಗಿ ತೋರಿಸಬೇಕು. ಹೋಲಿಸಬೇಕಾದದ್ದು ಈ ಮಗುವಿನ ನಿನ್ನೆ ಮೊನ್ನೆಯ ಜೊತೆ. ಅಕ್ಕನ ಮಗು ಹೇಗಿತ್ತು, ಆಪ್ ಏನು ಹೇಳುತ್ತೆ ಅನ್ನುವುದು ಆಮೇಲಿನದು. 12 ಗಂಟೆಯ ಲೆಕ್ಕವನ್ನೇ ನಂಬಿ ರಾತ್ರಿಯಾಗಲಿ ಅಂತ ಕಾಯುವುದು ನನ್ನ ಪ್ರಕಾರ ಮೂರರಲ್ಲಿ ಅತ್ಯಂತ ಅಪಾಯದ್ದು.

ಪ್ರಾಮಾಣಿಕವಾಗಿ ಇನ್ನೊಂದನ್ನೂ ಹೇಳಬೇಕು. ಪಟ್ಟಿ ಹಾಕಿ ಎಣಿಸುವುದರಿಂದಲೇ ಹೊಟ್ಟೆಯಲ್ಲಿನ ಸಾವು ಕಡಿಮೆಯಾಗುತ್ತೆ ಅಂತ ದೊಡ್ಡ ಅಧ್ಯಯನಗಳಲ್ಲಿ ಸಾಬೀತಾಗಿಲ್ಲ. 1989ರಲ್ಲಿ 68,000ಕ್ಕೂ ಹೆಚ್ಚು ಬಸುರಿಯರ ಅಧ್ಯಯನ ಬಂತು, 2018ರಲ್ಲಿ ಬ್ರಿಟನ್-ಐರ್ಲೆಂಡ್‌ನಲ್ಲಿ 4 ಲಕ್ಷಕ್ಕೂ ಹೆಚ್ಚು ಬಸಿರುಗಳನ್ನು ಒಳಗೊಂಡ ಅಫರ್ಮ್ ಅಧ್ಯಯನ ಬಂತು. ಮೊದಲನೆಯದು ಎಣಿಕೆ ಪಟ್ಟಿಯದು. ಎರಡನೆಯದು ತಾಯಂದಿರಿಗೆ ತಿಳಿವಳಿಕೆ ಕೊಟ್ಟು, ಕಮ್ಮಿಯಾಯಿತು ಅಂತ ಬಂದವರನ್ನು ಒಂದೇ ಕ್ರಮದಲ್ಲಿ ನೋಡುವುದು. ಎರಡರಲ್ಲೂ ಸಾವು ಗಣನೀಯವಾಗಿ ಇಳಿಯಲಿಲ್ಲ, ಎರಡನೆಯದರಲ್ಲಿ ನೋವು ಬರಿಸುವುದು, ಸಿಸೇರಿಯನ್ ಹೆಚ್ಚಾದವು. ಹಾಗಂತ ಕಮ್ಮಿಯಾದಾಗ ಸುಮ್ಮನಿರಿ ಅಂತ ಯಾವ ಮಾರ್ಗಸೂಚಿಯೂ ಹೇಳುವುದಿಲ್ಲ. ಪುಸ್ತಕದಲ್ಲಿ ಗೀರು ಹಾಕುವುದು ಕೆಲವರಿಗೆ ಆತಂಕ ತರುತ್ತೆ, ಅಂಥವರು ಬರೆಯದಿದ್ದರೂ ಅಡ್ಡಿಯಿಲ್ಲ. ದಿನಾ ಆ ಹೊತ್ತಿಗೆ ಗಮನ ಇದ್ದರೆ ಸಾಕು.

---

ಹಾವೇರಿ ಕಡೆ ಆಶಾ · 3:05

ಹಳ್ಳಿ ಕಡೆಯವರಿಗೆ ಒಂದೆರಡು ಮಾತು. ಕೂಸು ಮಿಸುಕಾಡೂದು ಕಡಿಮಿ ಆಗೇತಿ ಅಂದಕೂಡ್ಲೆ ಮನ್ಯಾಗ ಮೊದಲ ಸಕ್ಕರಿ ನೀರು ಕುಡಸ್ತಾರ, ಆಮ್ಯಾಲೆ ತಣ್ಣೀರು, ಆಮ್ಯಾಲೆ ನಾಳೆ ನೋಡೂಣು ಅಂತಾರ. ಹಂಗ ಒಂದು ರಾತ್ರಿ ಹೋಗಿಬಿಡ್ತೈತಿ. ಸರಕಾರಿ ಆಸ್ಪತ್ರ್ಯಾಗ ಪ್ರತಿ ತಿಂಗಳ 9ನೇ ತಾರೀಖಿಗೆ ಬಸುರ್ಯಾರಿಗೆ ಮಾಡೂ ತಪಾಸಣಿ ಹತ್ರ ಬಂದೈತಿ, ಅವತ್ತ ಕೇಳೂಣು ಅಂತನೂ ಕೂಡಬ್ಯಾಡ್ರಿ. ಆ ತಪಾಸಣಿ ಇಂಥದ್ದಕ್ಕ ಅಲ್ಲ.

ಪ್ರಾಥಮಿಕ ಆರೋಗ್ಯ ಕೇಂದ್ರದಾಗ ಸಿಸ್ಟರ್ ಹೊಟ್ಟಿ ಮ್ಯಾಲೆ ಯಂತ್ರ ಇಟ್ಟು ಬಡಿತ ಕೇಳಸ್ತಾರ. ಬಡಿತ ಕೇಳಿಸ್ತು ಅಂದ್ರ ಕೂಸು ಜೀವಂತ ಐತಿ ಅಂತ ಅಷ್ಟ, ಚಂದ ಐತಿ ಅಂತಲ್ಲ. ಎನ್‌ಎಸ್‌ಟಿ, ಸ್ಕ್ಯಾನಿಂಗ್ ಬೇಕು, ಅವು ತಾಲೂಕು ಇಲ್ಲಾ ಜಿಲ್ಲಾ ಆಸ್ಪತ್ರ್ಯಾಗ ಸಿಗ್ತಾವ. ಅಲ್ಲಿಗೇ ಬರಕೊಡ್ರಿ ಅಂತ ಕೇಳ್ರಿ. ಸರಕಾರಿ ಆಸ್ಪತ್ರಿಗೆ ಹೋಗೂ ಗಾಡಿ, ಅಲ್ಲಿ ಪರೀಕ್ಷೆ ಬಸುರಿಗೆ ಪುಕ್ಕಟೆ. ರಾತ್ರಿ ಆದ್ರ 108ಕ್ಕ ಫೋನ್ ಹಚ್ಚುವಾಗ ಎಷ್ಟನೇ ತಿಂಗಳು, ಕೂಸು ಯಾವಾಗಿನಿಂದ ಮಿಸುಕಾಡವಲ್ದು, ಇವೆರಡು ಮೊದಲ ಹೇಳ್ರಿ.

ಅತ್ತೆಯವರು ಬ್ಯಾಡ ಅಂದ್ರ ಜಗಳ ಬ್ಯಾಡ. ‘ಡಾಕ್ಟರು ಇಂಥದ್ದಾದ್ರ ಅವತ್ತ ಬರ್ರಿ ಅಂತ ತಾಕೀತು ಮಾಡ್ಯಾರ’ ಅನ್ರಿ. ತಪಾಸಣಿಗೆ ಹೋದಾಗ ಅತ್ತೆಯವರನ್ನ ಕರಕೊಂಡು ಹೋಗಿ ಅವರ ಮುಂದನ ಈ ಮಾತು ಕೇಳ್ರಿ. ಮುಂದ ಹಾದಿ ಸುಲಭ ಆಗ್ತೈತಿ.

---

ಸುರಗಿ · ಸಂಜೆ 6:40

ಬಂದೆ. ಎಲ್ಲರಿಗೂ ಕೈಮುಗಿದೆ. ಎನ್‌ಎಸ್‌ಟಿ ಮೊದಲ 20 ನಿಮಿಷ ‘ನಾನ್ ರಿಯಾಕ್ಟಿವ್’, ಇನ್ನೂ 20 ನಿಮಿಷ ಇಟ್ಟಮೇಲೆ ‘ರಿಯಾಕ್ಟಿವ್’. ಬೇಸ್‌ಲೈನ್ 140. ಎಎಫ್‌ಐ (ಹೊಟ್ಟೆಯ ನೀರಿನ ಅಳತೆ) 11. ಹೊಕ್ಕುಳ ಬಳ್ಳಿಯ ಡಾಪ್ಲರ್ ನಾರ್ಮಲ್, ತೂಕ ವಾರಕ್ಕೆ ತಕ್ಕಷ್ಟಿದೆ. ಮಗುವಿನ ಬೆನ್ನು ಮುಂದಕ್ಕಿದೆ ಅಂದರು. ಸಂಜೆ ಐದರಿಂದ ಮಗು ಚೆನ್ನಾಗಿ ಹೊರಳುತ್ತಿದೆ. ಮೊದಲು ‘ನಾನ್ ರಿಯಾಕ್ಟಿವ್’ ಅಂದದ್ದು ಯಾಕೆ? ಮತ್ತೆ ಹೀಗಾದರೆ ಮತ್ತೆ ಹೋಗುವುದಾ? ಆನ್‌ಲೈನ್‌ನಲ್ಲಿ ಮನೆಯಲ್ಲೇ ಬಡಿತ ಕೇಳುವ ಯಂತ್ರ ಸಿಗುತ್ತಲ್ಲ, ತರಿಸಲಾ?

---

ಹೆರಿಗೆವಾರ್ಡ್ ಸಿಸ್ಟರ್ · 7:15

ಒಳ್ಳೆಯ ಸುದ್ದಿ.

ಎನ್‌ಎಸ್‌ಟಿಯಲ್ಲಿ ಎರಡು ಬೆಲ್ಟ್ ಕಟ್ಟಿರುತ್ತಾರೆ, ಒಂದು ಮಗುವಿನ ಬಡಿತಕ್ಕೆ, ಇನ್ನೊಂದು ಮೇಲ್ಗಡೆ ಗರ್ಭಕೋಶದ ಬಿಗಿತಕ್ಕೆ. ಕೈಯಲ್ಲಿ ಕೊಡುವ ಗುಂಡಿಯನ್ನು ಮಗು ಅಲುಗಿದಾಗ ಒತ್ತಬೇಕು. ಬಡಿತ ನಿಮಿಷಕ್ಕೆ 110ರಿಂದ 160ರೊಳಗೆ ಇರಬೇಕು, ನಿಮ್ಮದು 140. ನಾವು ಓಡಿದರೆ ಎದೆಬಡಿತ ಏರುವ ಹಾಗೆ ಮಗು ಅಲುಗಿದಾಗ ಅದರ ಬಡಿತವೂ ಏರಬೇಕು. 20 ನಿಮಿಷದಲ್ಲಿ ಎರಡು ಸಲವಾದರೂ 15 ಬಡಿತ ಏರಿ, ಪ್ರತಿ ಏರಿಕೆ 15 ಸೆಕೆಂಡ್ ನಿಂತರೆ ರಿಯಾಕ್ಟಿವ್. 32 ವಾರಕ್ಕಿಂತ ಕಡಿಮೆಯಾದರೆ 10 ಬಡಿತ, 10 ಸೆಕೆಂಡ್ ಸಾಕು. ಮಗು ನಿದ್ದೆಯಲ್ಲಿದ್ದರೆ ಏರಿಕೆ ಬರುವುದಿಲ್ಲ. ಅದಕ್ಕೇ 40 ನಿಮಿಷಕ್ಕೆ ಎಳೆಯುವುದು. ನಿಮ್ಮದು ಹಾಗೇ ಆಗಿರಬಹುದು. 40 ನಿಮಿಷವೂ ಬರದಿದ್ದರೆ ಸ್ಕ್ಯಾನಿಂಗ್‌ನಲ್ಲಿ ಮಗುವಿನ ಉಸಿರಾಟದ ಚಲನೆ, ಮೈಯ ಚಲನೆ, ಕೈಕಾಲಿನ ಬಿಗಿ, ನೀರು ನೋಡಿ ಅಂಕ ಕೊಡುತ್ತಾರೆ, ಪ್ರತಿಯೊಂದಕ್ಕೂ 2.

ಎಎಫ್‌ಐ 5ರಿಂದ 25 ಸೆಂಟಿಮೀಟರ್ ಒಳಗಿದ್ದರೆ ಸರಿ. ಹೊಕ್ಕುಳ ಬಳ್ಳಿಯ ಡಾಪ್ಲರ್ ಹೇಳುವುದು ಮಾಸಿನ ಕಡೆಗೆ ರಕ್ತ ಎಷ್ಟು ಸಲೀಸಾಗಿ ಹರಿಯುತ್ತಿದೆ ಅಂತ. ಎನ್‌ಎಸ್‌ಟಿ, ನೀರು, ಡಾಪ್ಲರ್, ತೂಕ ನಾಲ್ಕೂ ಚೆನ್ನಾಗಿರುವುದು ಬರಿ ಎನ್‌ಎಸ್‌ಟಿ ಚೆನ್ನಾಗಿರುವುದಕ್ಕಿಂತ ಹೆಚ್ಚು ಸಮಾಧಾನ. ಹೀಗೆ ಒಂದು ಸಲ ಕಮ್ಮಿಯಾಗಿ ಬಂದವರಲ್ಲಿ ಸುಮಾರು 100ಕ್ಕೆ 70 ಮಂದಿಯ ಬಸಿರು ಯಾವ ತೊಡಕೂ ಇಲ್ಲದೆ ಮುಗಿಯುತ್ತೆ.

ಆದರೆ ರಿಪೋರ್ಟ್ ಇವತ್ತಿನ ಮಗುವಿನದು. ಮಾಸು ಬಿಡುವುದು, ಬಳ್ಳಿ ಒತ್ತಿಕೊಳ್ಳುವುದು ಇಂಥ ದಿಢೀರ್ ತೊಂದರೆಯನ್ನು ಯಾವ ಎನ್‌ಎಸ್‌ಟಿಯೂ ಮುಂದಾಗಿ ಹೇಳಲಾರದು. ಆದ್ದರಿಂದ ನಾಳೆಯೇ ಮತ್ತೆ ಕಮ್ಮಿಯಾದರೂ ನಾಳೆಯೇ ಮತ್ತೆ ಹೋಗಿ. ‘ಮೊನ್ನೆ ತಾನೇ ಬಂದಿದ್ದಿರಲ್ಲ’ ಅಂತ ಯಾರಾದರೂ ಅಂದರೆ ‘ಹೌದು, ಇದು ಎರಡನೇ ಸಲ’ ಅನ್ನಿ. ಎರಡನೇ ಸಲ ಬರುವುದನ್ನು ಡಾಕ್ಟರುಗಳು ಹಗುರವಾಗಿ ಅಲ್ಲ, ಹೆಚ್ಚು ಗಂಭೀರವಾಗಿ ನೋಡಬೇಕು. ಬೆಳವಣಿಗೆ ಕುಂಠಿತವೇ ಅಂತ ಮತ್ತೆ ಅಳೆಯುತ್ತಾರೆ, ದಿನ ತುಂಬಿದ್ದರೆ ಹೆರಿಗೆ ಮಾಡಿಸುವ ಯೋಚನೆಯೂ ಬರುತ್ತೆ. ಬಿಪಿ, ಶುಗರ್ ಇರುವವರು, ಅವಳಿ ಇರುವವರು, ಮಗು ಸಣ್ಣದಿದೆ ಅಂತ ಹೇಳಿಸಿಕೊಂಡವರು, ಹಿಂದೆ ಮಗು ಕಳೆದುಕೊಂಡವರು, ದಿನ ದಾಟಿದವರು ಒಂದು ಸಲಕ್ಕೂ ಕಾಯಬಾರದು.

ಮಿಸುಕಾಟ ಹೇಗಿದ್ದರೂ ಸರಿ, ರಕ್ತ ಹೋದರೆ, ನೀರು ಒಡೆದರೆ, ಹೊಟ್ಟೆ ಬಿಡದೆ ಗಟ್ಟಿಯಾಗಿ ನೋಯುತ್ತಿದ್ದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ, ಅಂಗೈ ಅಂಗಾಲು ವಿಪರೀತ ತುರಿಸಿದರೆ ಕೂಡಲೇ ಹೊರಡಿ. ಇದ್ದಕ್ಕಿದ್ದ ಹಾಗೆ ಒಂದು ಸಲ ಹುಚ್ಚಾಪಟ್ಟೆ ಒದ್ದಾಡಿ ಆಮೇಲೆ ಪೂರಾ ಮೌನವಾದರೂ ಹಾಗೇ.

ಬಡಿತದ ಯಂತ್ರ ದಯವಿಟ್ಟು ಬೇಡ. ಪಳಗದ ಕೈಗೆ ತಾಯಿಯ ರಕ್ತನಾಳದ ಸದ್ದು, ಮಾಸಿನ ಸದ್ದು ಮಗುವಿನದರ ಹಾಗೆಯೇ ಕೇಳುತ್ತೆ. ಮಗುವಿನದೇ ಆದರೂ, ಹೊಳೆದಂಡೆಯವರು ಬರೆದ ಹಾಗೆ ಬಡಿತ ಕೊನೆಯಲ್ಲಿ ಕೆಡುವ ಸಂಗತಿ. ಅದು ಕೇಳಿಸಿತು ಅಂತ ಮನೆಯಲ್ಲಿ ಉಳಿದರೆ ಹೊರಡಬೇಕಾದ ಹೊತ್ತು ಕಳೆದಿರುತ್ತೆ.

ಮಲಗುವಾಗ ಇನ್ನು ಮಗ್ಗುಲಿಗೇ. 28 ವಾರದ ನಂತರ ಅಂಗಾತ ಮಲಗಿದರೆ ಗರ್ಭಕೋಶದ ಭಾರ ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ನಾಳದ ಮೇಲೆ ಬೀಳುತ್ತೆ. ಎಡ ಬಲ ಯಾವುದಾದರೂ ಸರಿ. ನಿದ್ದೆಯಲ್ಲಿ ಅಂಗಾತ ಹೊರಳಿದ್ದರೆ ಎಚ್ಚರವಾದಾಗ ತಿರುಗಿಕೊಳ್ಳಿ, ಅಷ್ಟೇ.

---

ಬಿಳಿದಾಸವಾಳ · 8:50

ಇದಕ್ಕೇ ಸೇರಿದ ಪ್ರಶ್ನೆ. 31 ವಾರ, ಅವಧಿಗೆ ಮುಂಚೆ ನೋವು ಬಂದಿದ್ದಕ್ಕೆ ಡೆಕ್ಸಾಮೆಥಾಸೋನ್ 12 ಗಂಟೆಗೊಂದರಂತೆ 4 ಡೋಸ್ ಕೊಟ್ಟು, ನೋವು ನಿಂತಮೇಲೆ ಮನೆಗೆ ಕಳಿಸಿದ್ದಾರೆ. ಕೊನೆಯ ಡೋಸ್ ಆಗಿ ಒಂದು ದಿನ. ಆಟ ಸ್ವಲ್ಪ ಮಂಕು.

---

ಹೆರಿಗೆವಾರ್ಡ್ ಸಿಸ್ಟರ್ · 8:58

ಮಗುವಿನ ಶ್ವಾಸಕೋಶ ಬಲಿಯಲು ಕೊಡುವ ಈ ಇಂಜೆಕ್ಷನ್‌ಗಳಿಂದ ಎರಡು ಮೂರು ದಿನ ಆಟ ಕಡಿಮೆಯಾಗುವುದುಂಟು, ಆಮೇಲೆ ಮೊದಲಿನಂತಾಗುತ್ತೆ. ಆದರೆ ನಿಮಗೆ ನೋವು ಬಂದಿತ್ತಲ್ಲ, ಅದರ ಕಾರಣವೂ ಮಿಸುಕಾಟ ಕುಗ್ಗಿಸಬಹುದು. ಇಂಜೆಕ್ಷನ್‌ದೋ ಬೇರೆಯದೋ ಅಂತ ಮನೆಯಲ್ಲಿ ಬೇರ್ಪಡಿಸಲು ಆಗುವುದಿಲ್ಲ. ಈಗಲೇ ಆ ವಾರ್ಡಿಗೆ ಫೋನ್ ಮಾಡಿ, ಕೊನೆಯ ಡೋಸ್ ಕೊಟ್ಟ ಗಂಟೆ ಹೇಳಿ, ಇವತ್ತು ರಾತ್ರಿಯೇ ಎನ್‌ಎಸ್‌ಟಿ ಕೇಳಿ.